ಕೀಮೋ ವೇಳೆ ಹೊಟ್ಟೆ ಕೆಡದಂತೆ ಏನು ಕೊಟ್ಟಿರಿ?

ಶಿವಮೊಗ್ಗದ ಮಗಳು: ಅಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿದೆ, ಕೀಮೋ ಕೊಡಲು ಎದೆಯ ಚರ್ಮದಡಿ ಪೋರ್ಟ್ (ರಕ್ತನಾಳಕ್ಕೆ ಸೇರಿಸಿದ ಸಾಧನ) ಹಾಕಿದ್ದಾರೆ. ಮುಂದಿನ ವಾರ ಫಾಲ್‌ಫಾಕ್ಸ್ ಅನ್ನುವ ಕೀಮೋ ಶುರು. ಬಾಯಿಹುಣ್ಣು, ಭೇದಿ ಆಗದಂತೆ ಗ್ಲುಟಮಿನ್ (ಪ್ರೋಟೀನಿನ ಒಂದು ಅಂಶ), ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದು ಅಂತ ಕೊಡುವ ಜೀವಂತ ಸೂಕ್ಷ್ಮಾಣು) ಕೊಡಬಹುದಾ? ಕೊಟ್ಟವರು ದಯವಿಟ್ಟು ಹೇಳಿ.

ತುಮಕೂರು ಮಗ: ಅಪ್ಪನಿಗೆ ಗ್ಲುಟಮಿನ್ ಪುಡಿ ಕೊಟ್ಟೆವು. 10 ಗ್ರಾಂ, ದಿನಕ್ಕೆ ಮೂರು ಹೊತ್ತು. 300 ಗ್ರಾಂ ಡಬ್ಬಿ ಹತ್ತೇ ದಿನಕ್ಕೆ ಖಾಲಿ. ಡಬ್ಬಿಗೆ 1,150 ರೂಪಾಯಿ, ತಿಂಗಳಿಗೆ 3,450. ಮೇಲೆ ವೇ ಪ್ರೋಟೀನ್ 2,800. ಇನ್ಶೂರೆನ್ಸ್‌ನವರು ಇದು ಔಷಧಿ ಅಲ್ಲ, ಆಹಾರ ಅಂತ ಒಂದು ರೂಪಾಯಿಯನ್ನೂ ಕೊಡಲಿಲ್ಲ. ಆದರೆ ಬಾಯಿಹುಣ್ಣು ಕಮ್ಮಿ ಆಯಿತು, ಅಪ್ಪ ಮತ್ತೆ ಮುದ್ದೆ ನುಂಗಿದರು. ದುಡ್ಡು ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ.

ಹಾಸನದ ಸೊಸೆ: ಅದು ಡಬ್ಬಿಯಿಂದಲೇ ಅಂತ ಹೇಗೆ ಹೇಳುತ್ತೀರಿ? ಡಾಕ್ಟರು ಕೀಮೋ ಡೋಸ್ ಇಳಿಸಿದ್ದರು ಅಂತ ಹೋದ ತಿಂಗಳು ನೀವೇ ಬರೆದಿದ್ದಿರಿ. ನಮ್ಮ ಅತ್ತೆಗೆ ಕೊಟ್ಟಿದ್ದು ಇರಿನೋಟೆಕಾನ್ ಅನ್ನುವ ಕೀಮೋ ಔಷಧಿ. ಭೇದಿ ಅಂದರೆ ರಾತ್ರಿಯಿಡೀ ಬಚ್ಚಲಿನ ಬಾಗಿಲಲ್ಲೇ ಕೂತಿರುವುದು. ನೆಂಟರೊಬ್ಬರು ಪ್ರೋಬಯಾಟಿಕ್ ಮಾತ್ರೆ ತಂದುಕೊಟ್ಟರು, 640 ರೂಪಾಯಿ. ಡಾಕ್ಟರು ಚೀಟಿ ನೋಡಿ ಅಲ್ಲೇ ಎತ್ತಿಡಿಸಿದರು. ಒಳಗಿದ್ದದ್ದು ಸ್ಯಾಕರೊಮೈಸಿಸ್ ಬೌಲಾರ್ಡಿ, ಜೀವಂತ ಯೀಸ್ಟ್. ಪೋರ್ಟ್ ಇದ್ದವರಿಗೆ, ಬಿಳಿರಕ್ತಕಣ ಬಿದ್ದವರಿಗೆ ಅದು ರಕ್ತಕ್ಕೇ ಸೇರಿ ಸೋಂಕು ಮಾಡಬಹುದು. 2017ರಲ್ಲಿ ಯುರೋಪಿನಲ್ಲಿ ಇಂಥವರಿಗೆ ಕೊಡಲೇಬಾರದು ಅಂತ ಎಚ್ಚರಿಕೆ ಬಂದಿದೆ. ಅತ್ತೆಯನ್ನು ಉಳಿಸಿದ್ದು ಡಾಕ್ಟರು ಬರೆದ ಭೇದಿ ನಿಲ್ಲಿಸುವ ಮಾತ್ರೆ, ಲೋಪೆರಮೈಡ್. ಮೊದಲು 4 ಮಿಲಿಗ್ರಾಂ, ಆಮೇಲೆ ಎರಡೆರಡು ಗಂಟೆಗೆ 2. ಜೊತೆಗೆ ಓಆರ್‌ಎಸ್, ಒಂದು ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು. ಭೇದಿ ಜೊತೆ ಜ್ವರ ಬಂದರೆ ಮನೆಯಲ್ಲಿ ಕೂರಬೇಡಿ.

ಹುಬ್ಬಳ್ಳಿ ತಂಗಿ: ನಾವು ಡಬ್ಬಿ, ಮಾತ್ರೆ ಯಾವುದನ್ನೂ ಮುಟ್ಟಲಿಲ್ಲ. ಅಕ್ಕನಿಗೆ ಮೆತ್ತನೆ ಅನ್ನ, ಮನೆ ಮಜ್ಜಿಗೆ, ಅಷ್ಟೇ. 5-ಎಫ್‌ಯು ಅನ್ನುವ ಕೀಮೋ ಔಷಧಿ ಚುಚ್ಚುವಾಗ ಅರ್ಧ ಗಂಟೆ ಬಾಯಲ್ಲಿ ಐಸ್ ತುಂಡು ಇಡುತ್ತಿದ್ದೆವು. ಹುಣ್ಣೇ ಬರಲಿಲ್ಲ. ಖರ್ಚು ಸೊನ್ನೆ. ಐಸ್ ಇಡಿ, ಸುಮ್ನೆ ದುಡ್ಡು ಸುರಿಯಬೇಡಿ.

ಹಾಸನದ ಸೊಸೆ: ಐಸ್ ಅಂತೆ! ಪ್ರಶ್ನೆ ಓದಿದಿರಾ? ಫಾಲ್‌ಫಾಕ್ಸ್‌ನಲ್ಲಿ ಆಕ್ಸಾಲಿಪ್ಲಾಟಿನ್ ಅನ್ನುವ ಔಷಧಿಯೂ ಇರುತ್ತದೆ. ತಣ್ಣೀರು ತಾಗಿದರೂ ಗಂಟಲು ಹಿಡಿದುಕೊಂಡು ಉಸಿರು ಕಟ್ಟಿದ ಹಾಗಾಗುತ್ತದೆ. ಕೈ ಬೆರಳು ಜುಮ್ಮೆನ್ನುತ್ತದೆ. ಫ್ರಿಜ್ ಬಾಗಿಲು ತೆಗೆಯಲೂ ಬಿಡಬೇಡಿ.

ಹುಬ್ಬಳ್ಳಿ ತಂಗಿ: ನಮ್ಮ ಅಕ್ಕನಿಗೆ ಆಗಿದ್ದನ್ನು ನಾನು ಹೇಳಿದೆ. ಐಸ್ ಬೇಡ ಅಂದರೆ ಬಿಡಲಿ. ಮಜ್ಜಿಗೆಗಾದರೂ ಏನು ತಕರಾರು?

ಹಾಸನದ ಸೊಸೆ: ಇದೆ. ಭೇದಿ ಹತ್ತಿದಾಗ ಹಾಲಿನ ಸಕ್ಕರೆ ಅರಗುವುದಿಲ್ಲ. ಅತ್ತೆಗೆ ಒಂದು ಲೋಟ ಹಾಲು ಕುಡಿದರೂ ಹೊಟ್ಟೆ ಉಬ್ಬರ.

ಹುಬ್ಬಳ್ಳಿ ತಂಗಿ: ಹಾಲು ಬೇರೆ, ಮಜ್ಜಿಗೆ ಬೇರೆ! ಹೆಪ್ಪಾದ ಮೇಲೆ ಆ ಸಕ್ಕರೆ ಕಮ್ಮಿಯಾಗುತ್ತದೆ. ಎಲ್ಲ ಗೊತ್ತು ಅನ್ನುವವರಿಗೆ ಇದೂ ಗೊತ್ತಿರಬೇಕಲ್ವಾ?

ತುಮಕೂರು ಮಗ: ಸೊಸೆಯವರೇ, ಡೋಸ್ ಇಳಿಸಿದ್ದು ನಾಲ್ಕನೇ ಕೀಮೋ ಸೈಕಲ್‌ಗೆ. ಹುಣ್ಣು ಅದಕ್ಕೂ ಮೊದಲೇ ಕಮ್ಮಿ ಆಗಿತ್ತು. ಫೈಲ್ ನನ್ನ ಹತ್ತಿರವೇ ಇದೆ. ಬೇಕಾದರೆ ಫೋಟೋ ಹಾಕುತ್ತೇನೆ.