ಪದ ಬೇಕು: ‘ಡೆತ್ ಸ್ಟಾರ್’, ನಾಳೆ ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ.

ಒಂದು ಪ್ರೌಢಶಾಲೆಯ ಖಗೋಳ ಪ್ರದರ್ಶನಕ್ಕೆ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಶನಿಯ ಚಂದ್ರ ಮಿಮಾಸ್‌ನ ಫಲಕದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅದರ ವ್ಯಾಸ ಸುಮಾರು 396 ಕಿ.ಮೀ. ಒಂದು ಮಗ್ಗುಲಲ್ಲಿ ಹರ್ಶೆಲ್ ಎಂಬ ಭಾರಿ ಕುಳಿ, ಆ ಚಂದ್ರನ ಮೂರನೇ ಒಂದರಷ್ಟು ಅಗಲ, ನಟ್ಟನಡುವೆ ಒಂದು ಶಿಖರ. ನೋಡಿದವರಿಗೆಲ್ಲ 1977ರ ‘ಸ್ಟಾರ್ ವಾರ್ಸ್’ನ ಡೆತ್ ಸ್ಟಾರ್ ನೆನಪಾಗುತ್ತದೆ. ದೂರದಿಂದ ಚಂದ್ರನೆನಿಸುವ, ಒಂದೇ ಏಟಿಗೆ ಇಡೀ ಗ್ರಹವನ್ನು ಪುಡಿಗಟ್ಟುವ ಯುದ್ಧಯಂತ್ರ ಅದು.

ತಲೆಬರಹಕ್ಕೆ ‘ಮೃತ್ಯುತಾರೆ’ ಎಂದು ಬರೆದೆ. ಏಳನೇ ತರಗತಿಯ ಮಗಳು ಓದಿ, “ಶನಿ ಹತ್ರ ಇನ್ನೊಂದು ನಕ್ಷತ್ರ ಇದೆಯಾ?” ಅಂದಳು. ಅಳಿಸಿದೆ. ಕೆಳಗಿನ ಸಾಲು ಹೀಗಿದೆ: ‘ಅನ್ಯಲೋಕದವರು ಕಟ್ಟಿದ, ಗ್ರಹದಷ್ಟು ದೊಡ್ಡ ಬಾಹ್ಯಾಕಾಶ ನಿಲ್ದಾಣವೋ ಎಂಬಂತೆ ಕಾಣುತ್ತದೆ.’ ಅದೂ ಸರಿ ಕೂರುತ್ತಿಲ್ಲ. ಫ್ಲೆಕ್ಸ್ ಅಂಗಡಿಗೆ ನಾಳೆ ಸಂಜೆ ಆರರೊಳಗೆ ಫೈಲ್ ಕೊಡಬೇಕು. ದಯವಿಟ್ಟು ಬೇಗ ತಿಳಿಸಿ.
— ತುಮಕೂರು

* * *

ಮೃತ್ಯುವೂ ಬೇಡ, ಬಾಹ್ಯಾಕಾಶವೂ ಬೇಡ. ಕೊಲ್ + ತಿಂಗಳ್ = ಕೊಲ್ದಿಂಗಳ್. ಬೆಳ್ದಿಂಗಳ್ ಇರುವ ಹಾಗೆಯೇ. ಆಂಡಯ್ಯ ಒಂದೂ ಸಂಸ್ಕೃತ ತತ್ಸಮ ಮುಟ್ಟದೆ ಕಾವ್ಯವನ್ನೇ ಬರೆದ, ನಮಗೆ ಒಂದು ಫಲಕ ಬರೆಯಲು ಬರುವುದಿಲ್ಲವೇ?

‘ಬಾಹ್ಯಾಕಾಶ ನಿಲ್ದಾಣ’ ಶುದ್ಧ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಗಂಟುಹಾಕಿದ್ದು. ಮರುಗುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಕವಿರಾಜಮಾರ್ಗದ ಕಾಲದಲ್ಲೇ ಹೇಳಿಯಾಗಿದೆ. ಬಾನ್ದಾಣ ಎನ್ನಿ.
— ಸಾಗರ

* * *

> ಕೊಲ್ದಿಂಗಳ್

ನಡೆಯಂಗಿಲ್ಲ. ಈಗಿನ ಹುಡುಗರಿಗೆ ತಿಂಗಳು ಅಂದ್ರ ಮೂವತ್ತು ದಿವಸ.

> ಬಾನ್ದಾಣ

ತಾಣ ಎಲ್ಲಿಂದ ಬಂತು? ಸ್ಥಾನದಿಂದ. ತದ್ಭವಕ್ಕ ಬಾಗಿಲು ತೆಗೀತೀರಿ, ತತ್ಸಮ ಬಂದ್ರ ಹಾಕೋತೀರಿ. ಅರಿಸಮಾಸ ಅಂತ ತಕರಾರು ಇದ್ರ ಮೊದಲು ‘ಮಳೆಗಾಲ’ ಬಿಟ್ಟು ಮಾತಾಡ್ರಿ.
— ಧಾರವಾಡ

* * *

ಹೊಸದಾಗಿ ಟಂಕಿಸುವ ಅಗತ್ಯವೇ ಇಲ್ಲ. ವನಪರ್ವದಲ್ಲಿ ಸಾಲ್ವನು ಸೌಭವೆಂಬ ಹಾರುವ ಪುರವನ್ನೇರಿ ದ್ವಾರಕೆಯ ಮೇಲೆ ಬೀಳುತ್ತಾನೆ. ಕೃಷ್ಣ ಚಕ್ರದಿಂದ ಅದನ್ನು ಸೀಳುತ್ತಾನೆ. ಆಕಾಶದಲ್ಲಿ ತೇಲುವ, ಜನ ವಾಸಿಸುವ, ಯುದ್ಧಕ್ಕೆಂದೇ ಬರುವ ಊರು. ಇದಕ್ಕಿಂತ ಹತ್ತಿರದ ಪದ ಎಲ್ಲಿದೆ? ‘ಸೌಭ’ ಎಂದು ಬರೆಯಿರಿ. ‘ಮಹಾಸ್ತ್ರ’ ಎಂದು ಮಾತ್ರ ಬರೆಯಬೇಡಿ: ಎಸೆಯುವುದು ಅಸ್ತ್ರ, ಹಿಡಿಯುವುದು ಶಸ್ತ್ರ. ಒಳಗೆ ಕೂತು ಹೋಗುವುದು ಎರಡೂ ಅಲ್ಲ.
— ಮೈಸೂರು

* * *

ಸೌಭ ಚೆಂದದ ಪದ, ಆದರೆ ಅದರಡಿ ಇನ್ನೊಂದು ಫಲಕ ಬರೆಯಬೇಕಾಗುತ್ತದೆ. ನಾಳೆ ಸಂಜೆಗೆ ಆಗುವ ಮಾತಲ್ಲ.

ಎಲ್ಲರೂ ‘ಸ್ಟಾರ್’ ಹಿಡಿದು ಜಗ್ಗುತ್ತಿದ್ದೀರಿ. ಎಡವಿರುವುದು ‘ಸ್ಟೇಷನ್’ನಲ್ಲಿ. ನಿಲ್ದಾಣ ಎಂದರೆ ಬಂದ ಗಾಡಿ ನಿಂತು ಹೋಗುವ ಜಾಗ. ಭೂಮಿಯನ್ನು ಸುತ್ತುತ್ತಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸೋಯುಜ್ ಬರುತ್ತದೆ, ಡ್ರ್ಯಾಗನ್ ಬರುತ್ತದೆ, ನಿಲ್ಲುತ್ತದೆ, ಹೊರಡುತ್ತದೆ. ಅಲ್ಲಿ ಆ ಪದ ಒಪ್ಪುತ್ತದೆ. ಯುದ್ಧಕ್ಕೆ ಕಟ್ಟಿದ್ದು ಹಾಗಲ್ಲ. ನಮ್ಮ ಕಾರವಾರದಲ್ಲಿ ಬಸ್ ನಿಲ್ದಾಣದಿಂದ ಅಂಕೋಲೆಯ ದಿಕ್ಕಿಗೆ ಹೊರಟರೆ ಅರ್ಗಾ ಸಿಗುತ್ತದೆ. ಅಲ್ಲಿರುವುದನ್ನು ಬಾಯಿಮಾತಿನಲ್ಲಿ ‘ನೇವಿ’ ಅನ್ನುತ್ತೇವೆ, ಪತ್ರಿಕೆಯಲ್ಲಿ ನೌಕಾನೆಲೆ ಎಂದು ಓದುತ್ತೇವೆ. ನೌಕಾನಿಲ್ದಾಣ ಎಂದವರನ್ನು ನಾನು ಕಂಡಿಲ್ಲ. ಬೀದರಿನಲ್ಲೂ ವಾಯುನೆಲೆ. ಇಂಗ್ಲಿಷಿನವರಿಗೆ ರೈಲು ನಿಲ್ಲುವುದೂ ಸೈನ್ಯ ಬೀಡುಬಿಡುವುದೂ ಸ್ಟೇಷನ್. ಕನ್ನಡ ಆ ಎರಡನ್ನು ಬಹಳ ಹಿಂದೆಯೇ ಬೇರೆ ಮಾಡಿಕೊಂಡಿದೆ. ಇರುವ ಈ ಭೇದವನ್ನು ಅನುವಾದದ ಅವಸರದಲ್ಲಿ ಅಳಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಿಮಗೆ ಬೇಕಿರುವುದು ‘ನೆಲೆ’.

ಇನ್ನೊಂದು ಮಾತು, ‘ಗ್ರಹದಷ್ಟು’ ತಪ್ಪು. ಭೂಮಿಯ ವ್ಯಾಸ 12,742 ಕಿ.ಮೀ., ನಮ್ಮ ಚಂದ್ರನದು 3,474. ಮಿಮಾಸ್ ಅದರ ಒಂಬತ್ತನೇ ಒಂದು ಪಾಲು. ‘ಚಂದ್ರನಂಥ’ ಎಂದರೆ ಸಾಕು. ಸಿನಿಮಾದಲ್ಲೂ ಡೆತ್ ಸ್ಟಾರನ್ನು ಮೊದಲು ಚಂದ್ರ ಎಂದೇ ತಪ್ಪಾಗಿ ತಿಳಿಯುವುದು. ಕುಳಿಯ ಚಿತ್ರ ವಾಯೇಜರ್ 1 ನೌಕೆಯಿಂದ ಬಂದದ್ದು 1980ರಲ್ಲಿ, ಸಿನಿಮಾ ಬಂದು ಮೂರು ವರ್ಷದ ಮೇಲೆ. ಮಿಮಾಸ್ ನೋಡಿ ಡೆತ್ ಸ್ಟಾರ್ ಮಾಡಿದರು ಎಂಬರ್ಥ ಬರದಂತೆ ಬರೆಯಿರಿ.
— ಕಾರವಾರ

* * *

‘ಗ್ರಹ’ವನ್ನು ಅಷ್ಟು ಸುಲಭವಾಗಿ ಬಿಡಬೇಡಿ. ಗ್ರಹ ಎಂದರೆ ಹಿಡಿಯುವುದು, ಗ್ರಹಣವೂ ಅದೇ ಧಾತು. ಅದರ ತದ್ಭವ ಗರ. ‘ಗರ ಬಡಿದವನ ಹಾಗೆ ಕೂತಿದ್ದೀಯಲ್ಲ’ ಎಂದು ಅಜ್ಜಿ ಬೈಯುತ್ತಿದ್ದರು. ಆಕಾಶಕಾಯವೂ ಹೌದು, ಬಡಿಯುವ ಪೀಡೆಯೂ ಹೌದು; ಈ ಎರಡೂ ಅರ್ಥ ಒಂದೇ ಪದದಲ್ಲಿ ಬೇರೆ ಎಲ್ಲಿ ಸಿಕ್ಕೀತು? ಮಾರಿ + ಗರ = ಮಾರಿಗರ.
— ಪುತ್ತೂರು

* * *

ಮಾರಿಗರ ಅಂದ್ರ ಸಂತ್ಯಾಗ ಮಾರಾಂವ ಅನಸ್ತದ. ಬ್ಯಾಡ.

ಇಷ್ಟಕ್ಕೂ ಡೆತ್ ಸ್ಟಾರ್ ಅಂಕಿತನಾಮ. ಅದನ್ಯಾಕ ಅನುವಾದ ಮಾಡ್ತೀರಿ? ಇಸ್ರೊದವರು 2035ಕ್ಕ ಕಟ್ತೀವಿ ಅಂದಿದ್ದಕ್ಕ ‘ಭಾರತೀಯ ಅಂತರಿಕ್ಷ ಸ್ಟೇಷನ್’ ಅಂತ ಹೆಸರಿಟ್ಟಾರ. ಸ್ಟೇಷನ್ ಹಳ್ಳಿಗೆ ಬಂದು ಟೇಸನ್ ಆಗಿ ಎಷ್ಟೋ ಕಾಲ ಆತು. ಬಂದ ಪದ ನಮ್ಮ ನಾಲಿಗೀಗೆ ಹೊಂದಿಕೊಂಡ್ರ ಅದು ನಮ್ದ.
— ಧಾರವಾಡ

* * *

> ನಮ್ಮ ನಾಲಿಗೀಗೆ ಹೊಂದಿಕೊಂಡ್ರ ಅದು ನಮ್ದ

ಟೇಸನ್ ಹೊಂದಿಕೊಂಡಿತು, ಒಪ್ಪಿದೆ. ‘ಅಂತರಿಕ್ಷ ಸ್ಟೇಷನ್’ ಹೊಂದಿಕೊಂಡದ್ದಲ್ಲ, ಮೇಲಿನಿಂದ ಇಳಿಸಿದ್ದು. ಬಾಯಿಂದ ಬಾಯಿಗೆ ಬಂದದ್ದಕ್ಕೂ ಕಡತದಿಂದ ಇಳಿದದ್ದಕ್ಕೂ ವ್ಯತ್ಯಾಸ ಕಾಣದವರೊಂದಿಗೆ ವಾದವಿಲ್ಲ.

ಕಾರವಾರದವರ ಮಾತು ಸರಿ. ಆದರೆ ಯುದ್ಧನೆಲೆ ಎಂದು ಮಾತ್ರ ಹಾಕಬೇಡಿ, ಅದೂ ಅರಿಸಮಾಸವೇ. ಪಡೆ + ನೆಲೆ. ಪಡೆನೆಲೆ. ಎರಡೂ ಕನ್ನಡ, ನಾಲ್ಕೇ ಅಕ್ಷರ.
— ಸಾಗರ

* * *

ಎಲ್ಲರಿಗೂ ವಂದನೆ. ತಲೆಬರಹ: ‘ಡೆತ್ ಸ್ಟಾರ್ ಅಲ್ಲ, ಮಿಮಾಸ್’. ಕೆಳಗೆ: ‘ಸಿನಿಮಾದಲ್ಲಿ ಡೆತ್ ಸ್ಟಾರ್ ಎಂಬುದು ಚಂದ್ರನಂತೆ ಕಾಣುವ ಪಡೆನೆಲೆ. ಮಿಮಾಸ್ ಮಾತ್ರ ನಿಜವಾದ ಚಂದ್ರ. ಅದರ ಈ ಕುಳಿಯನ್ನು ನಾವು ನೋಡಿದ್ದು ಸಿನಿಮಾ ಬಂದ ಮೂರು ವರ್ಷಗಳ ನಂತರ.’ ‘ಅನ್ಯಲೋಕದವರು’ ಕಿತ್ತುಹಾಕಿದೆ.

ಪಡೆನೆಲೆ ಎಂದರೇನು ಎಂದು ಮಗಳನ್ನು ಕೇಳಿದೆ. ಆ ಪದ ಅವಳು ಹಿಂದೆ ಕೇಳಿದ್ದಿಲ್ಲ. “ಸೈನ್ಯದವರು ಇರೋ ಜಾಗ” ಅಂದಳು. ಐದೂಮುಕ್ಕಾಲಿಗೆ ಫೈಲ್ ಕಳಿಸಿದೆ.
— ತುಮಕೂರು