ಅಪ್‌ಡೇಟ್: ಬಗ್ಗಡ ನೀರಲ್ಲೂ ಸ್ಟೀಲ್‌ಹೆಡ್ ಕಚ್ಚಿತು!

ಮಳೆಗೆ ಅಮೆರಿಕದ ಒರೆಗಾನ್‌ನ ವಿಲ್ಸನ್ ನದಿ ಬಗ್ಗಡವಾಗಿ ಸ್ಟೀಲ್‌ಹೆಡ್ (ಕಡಲಿಗೆ ಹೋಗಿ ಹೊಳೆಗೆ ಮರಳುವ ಟ್ರೌಟ್ ಮೀನು) ಗಾಳ ಮುಟ್ಟುತ್ತಿಲ್ಲ ಅಂತ ಹೋದ ವಾರ ಕೇಳಿದ್ದೆನಲ್ಲ, ಶನಿವಾರ ಒಂದು ಬಿತ್ತು.

ಫಲ ಕೊಟ್ಟಿದ್ದು "ನಡುಹೊಳೆ ಬಿಡಿ, ದಡದಂಚು ನೋಡಿ" ಅಂದವರ ಮಾತು. ನಾನು ಮೊಣಕಾಲುದ್ದ ನೀರಿಗಿಳಿದು ದೂರಕ್ಕೆ ಎಸೀತಿದ್ದೆ. ಮೀನು ಇದ್ದದ್ದು ನಾನು ನಿಲ್ಲುತ್ತಿದ್ದ ಜಾಗದಲ್ಲೇ! ಸೆಳೆತ ಜೋರಾದಾಗ ಅವು ದಡದ ನಿಧಾನ ನೀರಿಗೆ ಸರಿಯುತ್ತವೆ. ದೊಡ್ಡ ಅಲಗಿನ ಸ್ಪಿನ್ನರ್ (ಎಳೆದಾಗ ಲೋಹದ ಅಲಗು ಗಿರಗಿರ ತಿರುಗುವ ಗಾಳ) ಹಾಕಿದ್ದೆ. ಕಣ್ಣಿಗೆ ಕಾಣದಿದ್ದರೂ ಅದರ ಅದುರು ಮೀನಿಗೆ ತಿಳಿಯುತ್ತದೆ. ಮೀನಿನ ಮೊಟ್ಟೆಯ ಹಾಗೆ ಕಾಣುವ ಸಣ್ಣ ಗುಲಾಬಿ ಬಣ್ಣದ ಮಣಿ ಮಾತ್ರ ದಂಡ, ಸಿಗಡಿ ವಾಸನೆ ಹಚ್ಚಿದರೂ ಅಷ್ಟೇ.

ಗುರುವಾರ ನೀರು ಚಹಾದ ಹಾಗಿತ್ತು, ಏನೂ ಇಲ್ಲ. ಒಂದೂವರೆ ಅಡಿ ಆಳ ಕಾಣುವಷ್ಟು ತಿಳಿಯಾದ ಮೇಲೇ ಕಚ್ಚಿದ್ದು.

ಬೆನ್ನಿನ ಹಿಂದಿನ ಪುಟ್ಟ ರೆಕ್ಕೆ ಕತ್ತರಿಸಿರಲಿಲ್ಲ, ಅಂದರೆ ಸಾಕಿ ಬಿಟ್ಟದ್ದಲ್ಲ, ಹೊಳೆಯದ್ದೇ ಮೀನು. ಹಾಗಾಗಿ ನೀರಲ್ಲಿಟ್ಟೇ ಫೋಟೊ ತೆಗೆದು, ಮೀನನ್ನು ಹೊಳೆಗೇ ಬಿಟ್ಟೆ. ಮನೇಲಿ ಅರೆದಿಟ್ಟ ಮಸಾಲೆ ಆಲೂಗಡ್ಡೆಗೆ ಹೋಯಿತು.