ಚೈನ್‌ಸಾ ತಣ್ಣಗಿದ್ದಾಗ ಐಡಲ್ ನಿಲ್ಲಲ್ಲ, ಬಿಸಿಯಾದರೆ ತಾನಾಗೇ ರೇಸ್ ಆಗುತ್ತದೆ – ಕಾರ್ಬುರೇಟರೋ ಬೇರೇನೋ?

ಹೊಸನಗರ ತೋಟ:
58 ಸಿಸಿ ಮೆಷಿನ್, 22 ಇಂಚಿನ ಬಾರ್. ಹೋದ ವರ್ಷ ಏನೂ ತಕರಾರಿರಲಿಲ್ಲ. ಮಳೆಗಾಲ ಪೂರ್ತಿ ಕೊಟ್ಟಿಗೆ ಅಟ್ಟದ ಮೇಲಿತ್ತು, ಈಗ ಅಡಿಕೆ ಬೇಯಿಸೋಕೆ ಸೌದೆ ಬೇಕಲ್ಲ ಅಂತ ಇಳಿಸಿದೆ. ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೆ, ಟ್ರಿಗರ್ ಬಿಟ್ಟ ಕೂಡಲೇ ಆಫ್. ಐಡಲ್ ಸ್ಕ್ರೂ ಒಳಗೆ ತಿರುಗಿಸಿದರೆ ನಿಲ್ಲುತ್ತದೆ. ಆದರೆ ಒಂದು ಅಕೇಶಿಯಾ ದಿಮ್ಮಿ ಕೊಯ್ದು ಬಿಸಿಯಾಯ್ತು ಅಂದ್ರೆ ಉಲ್ಟಾ ಕಥೆ. ಟ್ರಿಗರ್ ಬಿಟ್ಟರೂ ರೇಸ್ ಇಳಿಯಲ್ಲ, ಚೈನ್ ತಿರುಗುತ್ತಲೇ ಇರುತ್ತದೆ. ನಿನ್ನೆ ಓರೆಯಾಗಿ ಹಿಡಿದು ಕೊಂಬೆ ಸವರುವಾಗ ಒಂದೇ ಸಮನೆ ಕಿರುಚಿಕೊಂಡಿತು, ಸ್ವಿಚ್ ಆಫ್ ಮಾಡಿ ಕೆಳಗಿಟ್ಟೆ. ಏರ್ ಫಿಲ್ಟರ್ ತೊಳೆದಿದ್ದೇನೆ, ಪ್ಲಗ್ ಹೊಸದು. ಯಾರಾದ್ರೂ ಹೇಳಿ ಮಾರಾಯ್ರೆ.

ಕೊಪ್ಪದವ:
ಹಳೇ ಪೆಟ್ರೋಲ್ ಒಳಗೇ ಇತ್ತಾ? ಹಾಗಿದ್ರೆ ಕಾರ್ಬುರೇಟರ್ ಬಿಚ್ಚಿ ತೊಳೀರಿ. ಈಗಿನ ಪೆಟ್ರೋಲಿಗೆ ಎಥನಾಲ್ ಬೆರೆಸಿರುತ್ತಾರೆ, ಅದು ನೀರು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಕೇಳಬೇಕಾ! ಕಾರ್ಬುರೇಟರ್ ಒಳಗಿನ ತೆಳು ಪೊರೆ, ಅದೇ ಡಯಾಫ್ರಾಮ್, ಗಟ್ಟಿಯಾಗಿ ಪಟಪಟ ಅನ್ನುತ್ತಿದ್ದರೆ ರಿಪೇರಿ ಕಿಟ್ ಹಾಕಿ. ಎಲ್ ಸ್ಕ್ರೂ (ಕಡಿಮೆ ವೇಗದಲ್ಲಿ ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಹೊಂದಿಸೋದು) ಅರ್ಧ ಸುತ್ತು ಹೊರಗೆ ಬಿಟ್ಟು ನೋಡಿ, ಎಣ್ಣೆ ಸ್ವಲ್ಪ ಜಾಸ್ತಿ ಹಾಕಿ. ಸರಿಹೋಗುತ್ತೆ.

ಸಾಗರ ಗ್ಯಾರೇಜ್:
ಸ್ಕ್ರೂ ಮುಟ್ಟೋ ಮುಂಚೆ ಸ್ವಲ್ಪ ನಿಲ್ಲಿ. ತಣ್ಣಗಿದ್ದಾಗ ಆಫ್ ಆಗೋದು, ಬಿಸಿಯಾದರೆ ಓಡೋದು, ಓರೆ ಮಾಡಿದರೆ ಸದ್ದು ಬದಲಾಗೋದು – ಮೂರೂ ಒಟ್ಟಿಗೆ ಬಂದರೆ ನನ್ನ ಮೊದಲ ಅನುಮಾನ ಎಲ್ಲೋ ಗಾಳಿ ಸೋರುತ್ತಿದೆ ಅಂತ. ಕಾರ್ಬುರೇಟರ್ ಆಮೇಲೆ.

ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿನ ಗೂಡು, ಅಂದ್ರೆ ಕ್ರ್ಯಾಂಕ್‌ಕೇಸೇ, ಪಂಪ್ ಥರ ಕೆಲಸ ಮಾಡುತ್ತದೆ. ಪೆಟ್ರೋಲ್, ಎಣ್ಣೆ, ಗಾಳಿ ಮೂರೂ ಅಲ್ಲೇ ಬಂದು ಸಿಲಿಂಡರಿಗೆ ಹೋಗಬೇಕು. ಐಡಲ್‌ನಲ್ಲಿ ಬಟರ್‌ಫ್ಲೈ (ಟ್ರಿಗರ್ ಒತ್ತಿದರೆ ತೆರೆಯೋ ಕಾರ್ಬುರೇಟರ್ ಬಾಗಿಲು) ಹೆಚ್ಚುಕಡಿಮೆ ಮುಚ್ಚಿರುತ್ತದೆ, ಆಗ ಒಳಗೆ ಹೋಗೋ ಗಾಳಿಯೇ ತುಂಬಾ ಕಡಿಮೆ. ಕೂದಲೆಳೆಯಷ್ಟು ಸೀಳಿನಿಂದ ಕಳ್ಳಗಾಳಿ ನುಗ್ಗಿದರೂ ಲೆಕ್ಕ ತಪ್ಪುತ್ತದೆ. ಮಿಕ್ಸ್ ತೆಳುವಾಗುತ್ತದೆ, ಅಂದ್ರೆ ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ, ಲೋಡ್ ಇಲ್ಲದ ಎಂಜಿನ್ ಕೂಗುತ್ತಾ ಏರುತ್ತದೆ. ಬಿಸಿಯಾದಾಗ ಸೀಳು ಇನ್ನೂ ಅಗಲ. ಇದರಲ್ಲಿ ಎಣ್ಣೆ ಬರೋದು ಪೆಟ್ರೋಲಿನ ಜೊತೆಗೇ, ಹಾಗಾಗಿ ಪೆಟ್ರೋಲ್ ಕಡಿಮೆಯಾದರೆ ಎಣ್ಣೆಯೂ ಕಡಿಮೆ. ಹೀಗೇ ಓಡಿಸಿದರೆ ಪಿಸ್ಟನ್ ಗೀರುತ್ತದೆ. ಸೌದೆ ಸದ್ಯಕ್ಕೆ ಕೊಡಲಿಯಲ್ಲೇ ಸೀಳಿಕೊಳ್ಳಿ.

ಎಣ್ಣೆ ಜಾಸ್ತಿ ಹಾಕೋ ಮಾತಿಗೆ ನನ್ನ ಒಪ್ಪಿಗೆ ಇಲ್ಲ. 1 ಲೀಟರಿಗೆ 20 ಎಂಎಲ್ ಅಂದ್ರೆ 50:1, 40 ಎಂಎಲ್ ಅಂದ್ರೆ 25:1. ನಿಮ್ಮ ಬುಕ್‌ನಲ್ಲಿ ಯಾವುದಿದೆಯೋ ಅದೇ ಹಾಕಿ. ಎಣ್ಣೆ ಏರಿಸಿದಷ್ಟೂ ಅದೇ ಜೆಟ್‌ನಲ್ಲಿ ಹೋಗೋ ಪೆಟ್ರೋಲ್ ಕಡಿಮೆಯಾಗುತ್ತದೆ, ಮಿಕ್ಸ್ ಮತ್ತೂ ತೆಳು. ಜನಕ್ಕೆ ಇದು ಉಲ್ಟಾ ಕೇಳಿಸುತ್ತದೆ.

ಸುಲಭದ್ದು ಮೊದಲು. ಟ್ರಿಗರ್ ಲಿಂಕ್, ಚೋಕ್ ಕಡ್ಡಿ ಪೂರ್ತಿ ವಾಪಸ್ ಬರುತ್ತಾ ನೋಡಿ, ಮರದ ಹುಡಿ ಸಿಕ್ಕಿ ಬಟರ್‌ಫ್ಲೈ ಅರೆ ತೆರೆದೇ ನಿಂತಿರುವುದೂ ಉಂಟು. ಪೆಟ್ರೋಲ್ ಪೈಪನ್ನು ಬಗ್ಗಿಸಿ ನೋಡಿ, ಅಟ್ಟದಲ್ಲಿ ಇಟ್ಟಿದ್ದಕ್ಕೆ ಇಲಿ ಬಾಯಿ ಹಾಕಿರಬಹುದು. ಟ್ಯಾಂಕ್ ಒಳಗಿನ ಫಿಲ್ಟರ್, ಮುಚ್ಚಳದ ಗಾಳಿ ತೂತು ನೋಡಿ. ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ಮ್ಯಾನಿಫೋಲ್ಡ್ ಬೋಲ್ಟ್ ಸಡಿಲವಾ ನೋಡಿ. ಇನ್ನೊಂದು: ಮತ್ತೆ ಕಿರುಚಿಕೊಂಡು ಸ್ವಿಚ್‌ಗೂ ನಿಲ್ಲದಿದ್ದರೆ ಗಾಬರಿಯಾಗದೆ ಚೋಕ್ ಎಳೀರಿ, ಪೆಟ್ರೋಲ್ ಜಾಸ್ತಿಯಾಗಿ ಆಫ್ ಆಗುತ್ತದೆ.

ಹೊಸನಗರ ತೋಟ:
ಲಿಂಕ್ ಸರಿ ಇದೆ, ಪೈಪೂ ಸರಿ. ಮ್ಯಾನಿಫೋಲ್ಡ್ ಬೋಲ್ಟ್ ಒಂದು ಕಾಲು ಸುತ್ತು ಬಿಗಿಯಾಯ್ತು, ಖುಷಿಯಾಗಿ ಸ್ಟಾರ್ಟ್ ಮಾಡಿದೆ, ಏನೂ ಬದಲಾಗಲಿಲ್ಲ. ಬಾರ್ ಕೆಳಮುಖ ಮಾಡಿದರೆ ಸದ್ದು ಇಳಿಯುತ್ತದೆ, ಕ್ಲಚ್ ಕಡೆ ಮೇಲೆ ಮಾಡಿ ಮಲಗಿಸಿದರೆ ಏರುತ್ತದೆ. ಪ್ಲಗ್ ಸುಣ್ಣ ಬಳಿದಂತೆ ಬೆಳ್ಳಗಿದೆ.

ಸಾಗರ ಗ್ಯಾರೇಜ್:
ಬೆಳ್ಳಗಿದ್ರೆ ತೆಳು ಮಿಕ್ಸ್, ಕಾಫಿ ಬಣ್ಣ ಇರಬೇಕಿತ್ತು. ಕ್ರ್ಯಾಂಕ್ ಸೀಲ್ ಮೇಲೆ ನನ್ನ ಕಣ್ಣು, ಶಾಫ್ಟ್ ಹೊರಬರೋ ಕಡೆ ಗಾಳಿ ಸೋರದಂತೆ ತಡೆಯೋ ರಬ್ಬರ್ ಬಳೆ ಅದು. ಎರಡಿರುತ್ತವೆ, ಒಂದು ಕ್ಲಚ್ ಹಿಂದೆ, ಇನ್ನೊಂದು ಫ್ಲೈವೀಲ್ ಹಿಂದೆ. ಕೆಲವರು ಓಡೋ ಮೆಷಿನ್‌ಗೆ ಪೆಟ್ರೋಲ್ ಚಿಮುಕಿಸಿ ನೋಡ್ತಾರೆ, ಬಿಸಿ ಮಫ್ಲರ್ ಪಕ್ಕ ಅದನ್ನ ಮಾಡಲೇಬೇಡಿ. ಕವರ್ ತೆಗೆದು ಓಡಿಸೋದೂ ಬೇಡ, ನಿಮ್ಮ ಥರದ ಮೆಷಿನ್‌ಗಳಲ್ಲಿ ಬ್ರೇಕ್ ಕವರಿನಲ್ಲೇ ಇರುತ್ತದೆ.

ಮನೆಯಲ್ಲಿ ಬಿಪಿ ನೋಡೋ ಹಳೇ ಮೆಷಿನ್ ಇದೆಯಾ, ಕೈಯಲ್ಲಿ ಒತ್ತೋದು? ಅದರ ರಬ್ಬರ್ ಪಂಪು, ಮೀಟರು ಸಾಕು. ಮಫ್ಲರ್ ತೆಗೆದು, ಅದು ಕೂತಿದ್ದ ಸಿಲಿಂಡರ್ ಬಾಯಿಗೆ ಹಳೇ ಟ್ಯೂಬಿನ ತುಂಡು ಇಟ್ಟು ಬಿಗಿ ಮಾಡಿ. ಕಾರ್ಬುರೇಟರ್ ಕಡೆ ಬಾಯಿಗೂ ಹಾಗೇ, ಇಂಪಲ್ಸ್ ತೂತು (ಕ್ರ್ಯಾಂಕ್‌ಕೇಸಿನ ಒತ್ತಡ ಕಾರ್ಬುರೇಟರಿಗೆ ಹೋಗೋ ದಾರಿ) ಬೇರೆ ಇದ್ದರೆ ಅದನ್ನೂ ಮುಚ್ಚಿ. ಪ್ಲಗ್ ತೂತಿನಿಂದ ಗಾಳಿ ಹಾಕಿ. ಮೀಟರು 300 ತೋರಿಸಿದರೆ ಸುಮಾರು 0.4 ಬಾರ್, ಅಷ್ಟು ಸಾಕು. ಮುಳ್ಳು ಅಲ್ಲೇ ನಿಲ್ಲಬೇಕು. ಇಳಿದರೆ ಸೋಪಿನ ನೀರು ಬಿಟ್ಟು ಗುಳ್ಳೆ ಎಲ್ಲಿ ಬರುತ್ತೆ ನೋಡಿ.

ಕೊಪ್ಪದವ:
ಬಿಪಿ ಮೆಷಿನ್‌ನಲ್ಲಿ ಚೈನ್‌ಸಾ ಚೆಕ್ ಮಾಡೋದು! ಅಜ್ಜಿ ಬೈದರೆ ನಮ್ಮ ಹೆಸರು ಹೇಳಬೇಡಿ.

ಹೊಸನಗರ ತೋಟ:
ಸಿಕ್ಕಿತು. ಮುಳ್ಳು ನೋಡ್ತಾ ನೋಡ್ತಾ ಇಳೀತು. ಫ್ಲೈವೀಲ್ ಕಡೆ ಏನಿಲ್ಲ, ಕ್ಲಚ್ ಹಿಂದೆ ಸಣ್ಣ ಸಣ್ಣ ಗುಳ್ಳೆ ಬುಳುಬುಳು ಬಂತು. ಅಲ್ಲಿ ಮರದ ಹುಡಿ ಎಣ್ಣೆಯಲ್ಲಿ ಕಲಸಿ ಹಿಟ್ಟಿನ ಮುದ್ದೆಯಾಗಿ ಕೂತಿತ್ತು, ಚೈನ್ ಎಣ್ಣೆ ಅಂತ ಬಿಟ್ಟುಬಿಡೋ ಜಾಗ. ಕ್ರ್ಯಾಂಕ್ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದೆ, ಆಟ ಇಲ್ಲ. ಆದರೆ ಕ್ಲಚ್ ಬಿಚ್ಚೋಕೆ ಬರ್ತಾ ಇಲ್ಲ.

ಸಾಗರ ಗ್ಯಾರೇಜ್:
ಆಟ ಇಲ್ಲ ಅಂದ್ರೆ ಬೇರಿಂಗ್ ಉಳಿದಿದೆ, ಅದೃಷ್ಟ. ಇದ್ದಿದ್ದರೆ ಹೊಸ ಸೀಲೂ ಬೇಗ ಹೋಗ್ತಿತ್ತು.

ಕ್ಲಚ್ ಎಡ ಮರೆ. ಗಡಿಯಾರ ತಿರುಗೋ ಕಡೆಗೇ ತಿರುಗಿಸಿದರೆ ಬಿಚ್ಚುತ್ತದೆ. ಪಿಸ್ಟನ್ ಮೇಲೆ ಬರುವಾಗ, ಎಕ್ಸಾಸ್ಟ್ ಬಾಯಿ ಮುಚ್ಚಿದ ಮೇಲೆ, ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುಂಬಿಸಿ, ತುದಿ ಹೊರಗಿರಲಿ. ಆಗ ಕ್ರ್ಯಾಂಕ್ ತಿರುಗಲ್ಲ. ಕಬ್ಬಿಣದ ರಾಡ್ ತುರುಕಬೇಡಿ.

ಹಳೇ ಸೀಲ್ ತೆಗೆಯುವಾಗ ಶಾಫ್ಟಿಗೆ ಗೀರು ಬೀಳಬಾರದು. ಅದರ ಮುಖದ ಮೇಲೆ ಅಳತೆ ಅಚ್ಚಾಗಿರುತ್ತದೆ, ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಶಿವಮೊಗ್ಗದ ಬೇರಿಂಗ್ ಅಂಗಡಿಗೆ ಸ್ಯಾಂಪಲ್ ಹಿಡಿದುಕೊಂಡು ಹೋಗಿ. ಪೆಟ್ರೋಲಿಗೂ ಬಿಸಿಗೂ ತಡೆಯೋದು ಕೊಡಿ ಅಂತ ಕೇಳಿ. ಹೊಸದರ ತುಟಿಗೆ ಗ್ರೀಸ್ ಸವರಿ, ಶಾಫ್ಟಿನ ಮರೆಗೆ ಟೇಪ್ ಸುತ್ತಿ, ಅದೇ ಅಗಲದ ಸಾಕೆಟ್ ಇಟ್ಟು ಮೆಲ್ಲಗೆ ನೇರವಾಗಿ ಬಡಿಯಿರಿ. ಆಮೇಲೆ ಮತ್ತೊಮ್ಮೆ ಬಿಪಿ ಮೆಷಿನ್.

ಹೊಸನಗರ ತೋಟ:
ಹಾಕಿದೆ. ಹಳೇ ಸೀಲಿನ ತುಟಿ ಒಂದು ಕಡೆ ಗಟ್ಟಿಯಾಗಿ ಸೀಳಿತ್ತು, ಒಳಗಿನ ಸ್ಪ್ರಿಂಗ್ ಜಾರಿತ್ತು. ಈಗ ಮುಳ್ಳು ಅಲ್ಲಾಡಲ್ಲ. ಮಫ್ಲರ್ ಬಾಯಿಂದ ಇಣುಕಿದರೆ ಪಿಸ್ಟನ್ ಮೇಲೆ ಉದ್ದಕ್ಕೆ ಗೀರು ಕಾಣುತ್ತೆ, ಉಗುರಿಗೆ ಸಿಗಲ್ಲ.

ಸಾಗರ ಗ್ಯಾರೇಜ್:
ಉಗುರಿಗೆ ಸಿಗದಿದ್ದರೆ ಓಡಿಸಿ. ಈಗ ಬೇಕಾದರೆ ಸ್ಕ್ರೂ ಮುಟ್ಟಬಹುದು, ಮುಂಚೆ ತಿರುಗಿಸಿದ್ದೆಲ್ಲ ಕಳ್ಳಗಾಳಿಯ ಲೆಕ್ಕಕ್ಕೆ ಆಗಿದ್ದು. ಎಂಜಿನ್ ಬಿಸಿ ಮಾಡಿ ಎಲ್ ಸ್ಕ್ರೂ ಹೊಂದಿಸಿ, ಟ್ರಿಗರ್ ಒತ್ತಿದಾಗ ತಡವರಿಸದೆ ಏರಬೇಕು. ಆಮೇಲೆ ಐಡಲ್ ಸ್ಕ್ರೂ ಹೊರಗೆ ಬಿಡ್ತಾ ಬನ್ನಿ, ಚೈನ್ ಪೂರ್ತಿ ನಿಲ್ಲೋ ತನಕ. ಐಡಲ್ ಇಳಿದ ಮೇಲೂ ಚೈನ್ ತೆವಳುತ್ತಿದ್ದರೆ ಕ್ಲಚ್ ಸ್ಪ್ರಿಂಗ್ ನೋಡಿ. ಪೂರ್ತಿ ವೇಗದ ಪೆಟ್ರೋಲ್ ಹೊಂದಿಸೋ ಎಚ್ ಸ್ಕ್ರೂ ಸದ್ಯ ಸ್ವಲ್ಪ ಹೊರಗೇ ಇರಲಿ, ಒಂದೆರಡು ಟ್ಯಾಂಕ್ ಓಡಲಿ.